ಸಮುದ್ರದಾಚೆಗೆ ಒಂದು ಅಕ್ಷರ

ಆ ದಿನ ಬೆಳಗಾಗುವ ಹೊತ್ತಿಗೆ ಡೋರಿ ಕೋವ್ ಎಂಬ ಊರಿಗೆ ಊರೇ ಗಾಜಿನದಾಗಿ ನಿಂತಿತ್ತು. ರಾತ್ರಿಯೆಲ್ಲ ಬಿದ್ದ ಮಳೆ ಬಿದ್ದಲ್ಲಿಯೇ ಹೆಪ್ಪುಗಟ್ಟಿ, ಬೇಲಿಯ ಗೂಟಗಳಿಗೆ, ಸ್ಪ್ರೂಸ್ ಮರದ ಒಂದೊಂದು ಸೂಜಿಯೆಲೆಗೆ, ದಂಡೆಯ ಮೇಲೆ ಬೋರಲಾಗಿ ಮಲಗಿದ್ದ ದೋಣಿಗಳಿಗೆ ಹೊಳೆಯುವ ಅಂಗಿ ತೊಡಿಸಿತ್ತು. ಬಿಸಿಲು ಬಿದ್ದಾಗ ಕಣ್ಣು ಬಿಡಲಾಗುತ್ತಿರಲಿಲ್ಲ. ದೇವರು ಇಷ್ಟೊಂದು ಚೆಲುವನ್ನು ಪುಕ್ಕಟೆಯಾಗಿ ಸುರಿದ ದಿನ ಮನುಷ್ಯನಾದವನು ಕಿಟಕಿಯ ಬಳಿ ಕೂತು, ಚಹಾ ಕುಡಿಯುತ್ತಾ, ಮನಸ್ಸಿನಲ್ಲೇ ಕೈಮುಗಿಯಬೇಕು. ಲಿಯಾಂಡರ್ ಬಡ್ಜೆಲ್ ಹಾಗೆ ಮಾಡಲಿಲ್ಲ. ಹೊರಗೆ ಬಂದವನೇ ತಲೆಯೆತ್ತಿ ನೋಡಿ, "ಅಯ್ಯೋ, ಹಾಳಾಯ್ತು!" ಎಂದ.

ಅವನು ನೋಡಿದ್ದು ತನ್ನ ತಂತಿಯನ್ನು. ಇಗರ್ಜಿಯ ಗೋಪುರದ ತುದಿಯಿಂದ ಹೊರಟು, ಕೊಲ್ಲಿಯ ನೀರನ್ನು ದಾಟಿ, ಅವನ ಮನೆಯ ಮಾಡಿಗೆ ಬಂದು ಸೇರುವ ಆ ತಂತಿ ಈಗ ಹೆಬ್ಬೆರಳು ಗಾತ್ರದ ಮಂಜುಗಡ್ಡೆಯನ್ನು ಹೊತ್ತು, ಪಕ್ಕದ ಮನೆಯ ಟ್ರೈಫೀನಾ ಅತ್ತೆಯ ಹೊಸ್ತಿಲವರೆಗೆ ಜೋತುಬಿದ್ದಿತ್ತು. ಅತ್ತೆ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆಕೆ ಲಿಯಾಂಡರನಿಗೆ ಸ್ವಂತ ಅತ್ತೆಯೇನಲ್ಲ. ಡೋರಿ ಕೋವಿನಲ್ಲಿ ತಲೆ ನರೆತ ಹೆಂಗಸರೆಲ್ಲ ಎಲ್ಲರಿಗೂ ಅತ್ತೆಯರೇ.

"ಲಿಯಾಂಡರ್, ನಿನ್ನ ಇಂಗ್ಲೆಂಡು ನನ್ನ ಬಾಗಿಲಲ್ಲಿ ಬಿದ್ದಿದೆ. ಬಂದು ಎತ್ಕೊಂಡು ಹೋಗು."

"ಮುಟ್ಟಬೇಡಿ ಅತ್ತೆ! ನಾಜೂಕಿನ ವಸ್ತು ಅದು!"

"ನಾಜೂಕಾ?" ಎನ್ನುತ್ತಾ ಅತ್ತೆ ಪೊರಕೆಯ ಹಿಡಿಯಿಂದ ಒಂದು ಏಟು ಕೊಟ್ಟಳು. ಕೊಲ್ಲಿಯ ಈ ದಡದಿಂದ ಆ ದಡದವರೆಗಿನ ಮಂಜುಗಡ್ಡೆಯೆಲ್ಲ ಬಳಬಳನೆ ಉದುರಿ, ತಂತಿ ಚಿಮ್ಮಿ ತನ್ನ ಜಾಗಕ್ಕೆ ಹೋಗಿ ನಿಂತಿತು. ಗೋಪುರದಲ್ಲಿ ಗಂಟೆ ತಾನಾಗಿಯೇ ಒಮ್ಮೆ ಢಣ್ ಎಂದಿತು. ಪಾದ್ರಿಗಳು ರಾತ್ರಿಯ ಅಂಗಿಯಲ್ಲೇ ಹೊರಗೆ ಓಡಿಬಂದರು.

ಈ ತಂತಿಯ ಹಿಂದೆ ಒಂದು ಜಂಬದ ಕತೆಯಿದೆ. ಊರಿನ ಮೀನು ಕಾರ್ಖಾನೆ ಮುಚ್ಚುವವರೆಗೆ ಲಿಯಾಂಡರ್ ಅಲ್ಲಿ ತಕ್ಕಡಿಯ ಮುಂದೆ ಕೂರುತ್ತಿದ್ದವನು. ಮುಚ್ಚಿದ ಮೇಲೆ ಹವ್ಯಾಸಕ್ಕೆಂದು ರೇಡಿಯೋ ಹಿಡಿದ. ಹಿಂದಿನ ಶರತ್ಕಾಲದಲ್ಲಿ ಇಗರ್ಜಿಯ ಊಟದ ದಿನ ಅವನ ಹೆಂಡತಿಯ ತಮ್ಮ ಸೆಲ್ಬಿ, ಬಟಾಣಿ ಸಾರಿನ ಬಟ್ಟಲು ಕೈಯಲ್ಲಿಟ್ಟುಕೊಂಡು, "ನಮ್ಮ ಭಾವ ಹಿಂದಿನ ಕೋಣೆಯಿಂದ ಕೂಗಿದ್ರೆ ಅಡುಗೆಮನೆಯಲ್ಲಿರೋ ಅಕ್ಕನಿಗೇ ಕೇಳಿಸಲ್ಲ, ಇನ್ನು ರೇಡಿಯೋದಲ್ಲಿ ಯಾರಿಗೆ ಕೇಳಿಸುತ್ತೆ?" ಎಂದುಬಿಟ್ಟ. ಸಭೆ ನಕ್ಕಿತು. ಲಿಯಾಂಡರ್ ಚಮಚ ಹಿಡಿದೇ ಎದ್ದು ನಿಂತು, "ಹಳೇ ಕ್ರಿಸ್‌ಮಸ್ ಹಬ್ಬ ಮುಗಿಯೋದ್ರೊಳಗೆ ನಾನು ಇಂಗ್ಲೆಂಡಿನ ಜೊತೆ ಮಾತಾಡ್ತೀನಿ. ಎಲ್ಲರೂ ಆಡೋ ಅಲೆಯಲ್ಲಲ್ಲ, ತೀರಾ ಕೆಳಗಿನ ಉದ್ದ ಅಲೆಯಲ್ಲಿ!" ಎಂದು ಘೋಷಿಸಿದ.

ಉದ್ದ ಅಲೆ ಎಂಬುದು ಯಾರ ಕಿವಿಗೂ ಬೀಳಲಿಲ್ಲ. 'ಮಾತಾಡ್ತೀನಿ' ಎಂಬುದು ಎಲ್ಲರ ಕಿವಿಗೂ ಬಿತ್ತು. ಮರುದಿನದಿಂದಲೇ ಊರಿನವರು ಸಮಾಚಾರ ತಂದು ಸುರಿಯತೊಡಗಿದರು. "ಪೂಲ್ ಪಟ್ಟಣದಲ್ಲಿ ನನ್ನ ಚಿಕ್ಕಪ್ಪನ ಮೊಮ್ಮಗಳಿದಾಳೆ. ಚಹಾ ಡಬ್ಬಿ ಬಂತು, ಮುಚ್ಚಳ ಸೊಟ್ಟಗಿತ್ತು ಅಂತ ಹೇಳು" ಎಂದಳು ಟ್ರೈಫೀನಾ ಅತ್ತೆ. ಲಿಯಾಂಡರ್ ಆಗಲಿ ಎಂದ. ಆಗದು ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ನಿಜಸ್ಥಿತಿ ಏನೆಂದರೆ, ಆ ಅಲೆಯಲ್ಲಿ ಬಾಯಿಮಾತು ಹೋಗುವುದಿಲ್ಲ. ತಂತಿ ಭಾಷೆಯ ಚುಕ್ಕೆ ಗೆರೆಗಳು ಮಾತ್ರ ಹೋಗುತ್ತವೆ, ಅವೂ ಬಸವನಹುಳುವಿನ ಹಾಗೆ. ಒಂದು ಚುಕ್ಕೆಗೆ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು, ಒಂದು ಗೆರೆಗೆ ಮೂರು ನಿಮಿಷ. ಆಚೆ ಕಡೆಯವನು ಅದನ್ನು ಕಿವಿಯಿಂದ ಕೇಳುವುದೂ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹಿಮ ಸುರಿದ ಹಾಗೆ ಕಾಣುವ ಗದ್ದಲದ ನಡುವೆ ಒಂದು ತೆಳ್ಳನೆಯ ಗೀಟು ಮೂಡುತ್ತದೋ ಎಂದು ಕಣ್ಣು ಕಿರಿದು ಮಾಡಿ ಕಾಯುತ್ತಾನೆ. ಲಿಯಾಂಡರ್ ತನ್ನ ಗುರುತಿನ ಹೆಸರನ್ನು ಒಮ್ಮೆ ಕಳಿಸಿ ಮುಗಿಸುವುದರೊಳಗೆ ಹೆಂಡತಿ ಡಲ್ಸಿ ಭಾನುವಾರದ ಉಪ್ಪುಮಾಂಸ ಬೇಯಿಸಿ ಇಳಿಸಿಬಿಡುತ್ತಿದ್ದಳು. ಅತ್ತೆಯ ಚಹಾ ಡಬ್ಬಿಯ ಸಮಾಚಾರ ಪೂರ್ತಿ ಹೋಗುವ ಹೊತ್ತಿಗೆ ಬೇಸಿಗೆ ಬಂದು ಕೇಪ್ಲಿನ್ ಮೀನು ದಂಡೆಗೆ ಉರುಳುತ್ತಿರುತ್ತದೆ.

ಆಚೆ ಕಡೆ ಇದ್ದವನು ಇಂಗ್ಲೆಂಡಿನ ಕಾರ್ನ್‌ವಾಲಿನ ನ್ಯಾನ್‌ಕಾರೋ, ಹಸು ಸಾಕಿ ಹಾಲು ಮಾರುವವನು. ಪತ್ರ ಬರೆದು ಇಬ್ಬರೂ ಮೊದಲೇ ಮಾಡಿಕೊಂಡ ಒಪ್ಪಂದ ಹೀಗಿತ್ತು: ಇವನ ಹೆಸರು ಅವನ ಪರದೆಯಲ್ಲಿ ಮೂಡಬೇಕು. 'ಪೂರ್ತಿ ಕಂಡಿತು' ಎಂದು ಅವನು ಒಂದು ಅಕ್ಷರ ಕಳಿಸಬೇಕು. 'ನೀನು ಹೇಳಿದ್ದು ನನಗೆ ತಲುಪಿತು' ಎಂದು ಲಿಯಾಂಡರ್ ಒಂದು ಅಕ್ಷರ ಹಿಂದಕ್ಕೆ ಕೊಡಬೇಕು. ಆ ಕೊನೆಯ ಅಕ್ಷರ ಹೋಗದಿದ್ದರೆ ಹಿಂದಿನದೆಲ್ಲ ಇದ್ದೂ ಇಲ್ಲದ ಲೆಕ್ಕ. ವಾರಗಟ್ಟಲೆ ಒತ್ತಿದರೂ ಏನೂ ಆಗಿರಲಿಲ್ಲ. ಇಂದು ಹಳೇ ಕ್ರಿಸ್‌ಮಸ್, ಹನ್ನೆರಡು ದಿನದ ಹಬ್ಬದ ಕೊನೆಯ ದಿನ. ಗೋಪುರವನ್ನು ಪಾದ್ರಿಗಳು ಕೊಟ್ಟಿದ್ದು ಇಂದಿನವರೆಗೆ. ಸರ್ಕಾರ ಕೊಟ್ಟ ವಿಶೇಷ ಪರವಾನಗಿಯೂ ಇಂದಿನವರೆಗೆ. ನಾಳೆಯಿಂದ ಲಿಯಾಂಡರ್ ಬಡ್ಜೆಲ್ ಎಂದರೆ ಇಂಗ್ಲೆಂಡಿನ ಜೊತೆ ಮಾತಾಡಿದವನು, ಇಲ್ಲವೇ ಇಂಗ್ಲೆಂಡಿನ ಜೊತೆ ಮಾತಾಡುತ್ತೇನೆಂದವನು. ಎರಡನೆಯ ಹೆಸರು ಬಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲ. ಡೋರಿ ಕೋವಿನ ಜನ ಬೇರೆಲ್ಲ ಮರೆಯುತ್ತಾರೆ, ಇಂಥದ್ದನ್ನು ಮರೆಯುವುದಿಲ್ಲ.

ಪರವಾನಗಿಯಲ್ಲಿ ಒಂದು ಷರತ್ತಿತ್ತು: ಅವಧಿ ಮುಗಿಯುವ ಮೊದಲು ಯಾವತ್ತಾದರೂ ಒಬ್ಬ ಅಧಿಕಾರಿ ಬಂದು ತಪಾಸಣೆ ಮಾಡುತ್ತಾನೆ. "ಕ್ರಿಸ್‌ಮಸ್ಸಿನ ಹನ್ನೆರಡು ದಿನ ಯಾವ ಸರ್ಕಾರವೂ ಮನೆ ಬಿಟ್ಟು ಹೊರಡಲ್ಲ ಕಣೆ" ಎಂದು ಲಿಯಾಂಡರ್ ಡಲ್ಸಿಗೆ ಹೇಳಿದ್ದ.

ಆ ಹನ್ನೆರಡು ದಿನ ಮನೆ ಬಿಟ್ಟು ಹೊರಡುವವರು ಬೇರೆಯೇ. ಸಂಜೆಯಾದರೆ ಸಾಕು, ಊರಿನವರು ವೇಷ ಹಾಕುತ್ತಾರೆ. ಗಂಡಸರು ಹೆಂಗಸರ ಲಂಗ ತೊಟ್ಟು, ಹೆಂಗಸರು ಮೀನುಗಾರರ ಬೂಟು ಮೆಟ್ಟಿ, ಮುಖಕ್ಕೆ ದಿಂಬಿನ ಚೀಲ ಎಳೆದುಕೊಂಡು, ದನಿ ಬದಲಿಸಿ ಮನೆಮನೆಗೆ ನುಗ್ಗುತ್ತಾರೆ. ಮನೆಯವರು ತಿವಿದು, ಹಿಸುಕಿ, ಕುಣಿಸಿ, ಇಂಥವರೇ ಎಂದು ಗುರುತು ಹಿಡಿಯಬೇಕು. ಹಿಡಿದ ಮೇಲೆ ಮುಸುಕು ತೆಗೆಸಿ ಕೇಕು, ಕೆಂಪು ಶರಬತ್ತು ಕೊಡಬೇಕು. ಲಿಯಾಂಡರ್ ಪ್ರತಿವರ್ಷ ಸೆಲ್ಬಿಯನ್ನು ಕ್ಷಣದಲ್ಲಿ ಹಿಡಿಯುತ್ತಿದ್ದ. ಕಾರ್ಖಾನೆಯ ಯಂತ್ರ ಸೆಲ್ಬಿಯ ಎಡಗೈಯ ಕಿರುಬೆರಳನ್ನು ಇಟ್ಟುಕೊಂಡಿತ್ತು, ಕೈಗವಸು ಕಿತ್ತು ಎಣಿಸಿದರಾಯಿತು. ಈ ಸಲ ಸೆಲ್ಬಿ ಅಂಗಡಿಯಲ್ಲಿ ಎಲ್ಲರೆದುರು ಪಣ ತೊಟ್ಟಿದ್ದ: "ಭಾವ ಬೆರಳು ಎಣಿಸಿದ್ರೂ ಸರಿ, ಹಲ್ಲು ಎಣಿಸಿದ್ರೂ ಸರಿ, ಈ ಸಲ ಗೊತ್ತಾಗಲ್ಲ."

ಸಂಜೆ ಕತ್ತಲಾಗುತ್ತಲೇ ಲಿಯಾಂಡರ್ ಹಿಂದಿನ ಕೋಣೆಯಲ್ಲಿ ಗುಂಡಿಯ ಮುಂದೆ ಕೂತ. ಪಕ್ಕದಲ್ಲಿ ಉಪ್ಪುಮಾಂಸದ ಬಕೆಟುಗಳನ್ನು ಒಂದರ ಮೇಲೊಂದು ಜೋಡಿಸಿ ತಾಮ್ರದ ತಂತಿ ಸುತ್ತಿದ ಸುರುಳಿ ಗುಂಯ್‌ಗುಡುತ್ತಿತ್ತು. ಇಂಗ್ಲೆಂಡನ್ನು ಕೇಳಿಸಿಕೊಳ್ಳಲು ಟ್ರೈಫೀನಾ ಅತ್ತೆ ಹೆಣಿಗೆ ಸಮೇತ ಬಂದು ಕೂತಿದ್ದಳು.

"ಇನ್ನೂ ಏನೂ ಹೇಳ್ತಿಲ್ವಲ್ಲ ಇಂಗ್ಲೆಂಡು?"

"ಈಗ ನಾನು ಹೇಳ್ತಾ ಇದೀನಿ ಅತ್ತೆ."

"ನೀನೂ ಏನೂ ಹೇಳ್ತಿಲ್ಲ. ಸುಮ್ನೆ ಬೆರಳು ಒತ್ಕೊಂಡು ಕೂತಿದೀಯ."

ಅದೇ ಹೊತ್ತಿಗೆ ಬಾಗಿಲು ಬಡಿಯಿತು. ಡಲ್ಸಿ ತೆರೆದಳು. ಹೊರಗೆ ನಿಂತಿದ್ದ ಆಕಾರವನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಮೊಳಕಾಲು ಮುಟ್ಟುವ ಕೋಟು, ಅದರ ಮೇಲೆಲ್ಲ ಮಂಜುಗಡ್ಡೆ, ಮುಖಕ್ಕೆ ಕಣ್ಣಷ್ಟೇ ಬಿಟ್ಟು ಸುತ್ತಿ ಮರದ ಹಲಗೆಯಂತೆ ಸೆಟೆದ ಶಾಲು, ಕಂಕುಳಲ್ಲಿ ಒಂದು ಪೆಟ್ಟಿಗೆ.

"ನಾನು ರೇಡಿಯೋ ಪರವಾನಗಿ ಕಚೇರಿಯ ತಪಾಸಣಾಧಿಕಾರಿ. ನನ್ನ ಹೆಸರು ಪ್ಯಾಟನೋಡ್. ಬಡ್ಜೆಲ್ ಅವರು ಇದ್ದಾರೆಯೇ?" ಎಂದಿತು ಆಕಾರ, ಥೇಟ್ ದೂರದ ರಾಜಧಾನಿಯವರ ದನಿಯಲ್ಲಿ.

"ರೀ, ಬೇಗ ಬನ್ನಿ!" ಡಲ್ಸಿ ಕೂಗಿದಳು. "ನಮ್ಮ ಸೆಲ್ಬಿ ಆಫೀಸರ್ ಆಗಿ ಬಂದಿದಾನೆ!"

ಗುಂಡಿ ಒತ್ತಿ ಹಿಡಿದಿದ್ದ ಲಿಯಾಂಡರ್ ಧರ್ಮಸಂಕಟಕ್ಕೆ ಬಿದ್ದ. ಗೆರೆ ಅರ್ಧ ಹೋಗಿದೆ, ಕೈ ಬಿಡುವಂತಿಲ್ಲ. ಸೆಲ್ಬಿ ಬಂದಿದ್ದಾನೆ, ಅವನನ್ನೂ ಬಿಡುವಂತಿಲ್ಲ. "ಅತ್ತೆ, ಇದನ್ನ ಹೀಗೇ ಒತ್ತಿ ಹಿಡೀರಿ. ನಾನು ಬರೋತನಕ ಬಿಡಬೇಡಿ!" ಎಂದವನೇ ಅಡುಗೆಮನೆಗೆ ಓಡಿಬಂದು, ಬಂದವನನ್ನು ಒಮ್ಮೆ ಸುತ್ತು ಹಾಕಿದ.

"ಬನ್ನಿ ಸಾಹೇಬ್ರೇ, ಬನ್ನಿ! ಗಂಟಲು ಎಲ್ಲಿಂದ ಸಾಲ ತಂದ್ರಿ?"

"ನನಗೆ ಅರ್ಥವಾಗಲಿಲ್ಲ. ನಿಮ್ಮ ಪರವಾನಗಿ ತೋರಿಸುತ್ತೀರಾ?"

"ಪರವಾನಗಿಯಾ? ಮೊನ್ನೆ ಅದರಲ್ಲಿ ಮೀನು ಸುತ್ತಿ ಕೊಟ್ಟುಬಿಟ್ಟೆ!"

ಶಾಲಿನ ಮೇಲಿನ ಕಣ್ಣುಗಳು ಅಗಲವಾದವು. "ಎಷ್ಟು ಶಕ್ತಿ ಬಳಸುತ್ತಿದ್ದೀರಿ?"

"ನಾನು ಗುಂಡಿ ಒತ್ತಿದ್ರೆ ಸೇಂಟ್ ಜಾನ್ಸ್ ಪಟ್ಟಣದಲ್ಲಿ ದೀಪ ಮಂಕಾಗುತ್ತೆ ಸ್ವಾಮಿ. ಪಕ್ಕದ ಮನೆ ಕೋಳಿ ಬೆಂದ ಮೊಟ್ಟೆ ಇಡುತ್ತೆ!"

"ಇದು ಬಹಳ ಗಂಭೀರವಾದ ವಿಷಯ."

"ಅಬ್ಬಬ್ಬಾ, ಏನು ಠೀವಿ ನೋಡೇ!" ಎಂದು ಲಿಯಾಂಡರ್ ಅಧಿಕಾರಿಯ ಹೊಟ್ಟೆಗೆ ತಿವಿದ. "ಎರಡು ದಿಂಬು ಕಟ್ಟಿದಾನೆ."

"ಅದು ನನ್ನದೇ ಹೊಟ್ಟೆ!"

"ಕುಣಿಸಿದ್ರೆ ಗೊತ್ತಾಗುತ್ತೆ" ಎಂದಳು ಡಲ್ಸಿ. ಡೋರಿ ಕೋವಿನಲ್ಲಿ ವಾದ್ಯವಿಲ್ಲದಿದ್ದರೆ ಬಾಯಿಯೇ ವಾದ್ಯ. ಅವಳು ಸೊಂಟಕ್ಕೆ ಕೈಯಿಟ್ಟು ತಾನಾನ ಶುರುಮಾಡಿದಳು. ಲಿಯಾಂಡರ್ ಅಧಿಕಾರಿಯ ಎರಡೂ ತೋಳು ಹಿಡಿದು ಸುತ್ತಿಸಿದ. ಪ್ಯಾಟನೋಡ್ ತಪ್ಪಿಸಿಕೊಳ್ಳಲು ನೋಡಿದ್ದು ನಿಜ. ಆದರೆ ಬೂಟಿನ ಮಂಜು ಕರಗಿ ಮರದ ನೆಲವೆಲ್ಲ ಜಾರುತ್ತಿತ್ತು. ಬಾಗಿಲ ಕಡೆ ಇಟ್ಟ ಹೆಜ್ಜೆ ಒಲೆಯ ಕಡೆ ಹೋಯಿತು, ಒಲೆಯ ಕಡೆ ಇಟ್ಟದ್ದು ಮೇಜಿನ ಕಡೆಗೆ. ಒಳ್ಳೆಯ ಕುಣಿತಕ್ಕೂ ಬೀಳದಿರುವ ಪ್ರಯತ್ನಕ್ಕೂ ಹೊರನೋಟಕ್ಕೆ ಅಂಥ ವ್ಯತ್ಯಾಸವಿರುವುದಿಲ್ಲ. "ಸೆಲ್ಬಿ ಇಷ್ಟು ಚೆನ್ನಾಗಿ ಯಾವತ್ತೂ ಕುಣಿದಿರಲಿಲ್ಲ" ಎಂದು ಡಲ್ಸಿ ಹಾಡಿನ ಮಧ್ಯೆಯೇ ಮೆಚ್ಚಿದಳು.

ಅಧಿಕಾರಿ ಕೊನೆಗೆ ಮೇಜಿನ ಅಂಚು ಹಿಡಿದು ನಿಂತ. ಲಿಯಾಂಡರ್ ಹಕ್ಕಿನಿಂದ ಅವನ ಎರಡೂ ಕೈಗವಸು ಎಳೆದು ಬೆರಳು ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹತ್ತೇ.

"ಕಳ್ಳ! ಮರದ ಬೆರಳು ಅಂಟಿಸ್ಕೊಂಡು ಬಂದಿದಾನೆ!" ಎಂದು, ಎಡಗೈಯ ಕಿರುಬೆರಳನ್ನು ಮೂಲಂಗಿ ಕೀಳುವಂತೆ ಜಗ್ಗಿದ.

ಪ್ಯಾಟನೋಡ್ ತನ್ನ ತಾಯಿನುಡಿಯಾದ ಫ್ರೆಂಚಿನಲ್ಲಿ ದೇವರನ್ನು ಕೂಗಿದ.

"ಫ್ರೆಂಚ್ ಬೇರೆ ಕಲ್ತಿದಾನೆ!" ಎಂದಳು ಡಲ್ಸಿ, ಅಕ್ಕನ ಹೆಮ್ಮೆಯಿಂದ.

ಆಗ ಬಾಗಿಲು ಇನ್ನೊಮ್ಮೆ ಬಡಿಯಿತು. "ವೇಷದವರನ್ನ ಒಳಗೆ ಬಿಡ್ತೀರಾ?" ಎಂದು ಉಸಿರನ್ನು ಒಳಕ್ಕೆಳೆಯುತ್ತಾ ಕೀರಲು ದನಿಯಲ್ಲಿ ಕೇಳುತ್ತಾ, ಕಿಟಕಿಯ ಜಾಲರಿ ಪರದೆಯನ್ನು ತಲೆಗೆ ಹೊದ್ದ, ಭಾರೀ ಗಾತ್ರದ ಮದುಮಗಳೊಬ್ಬಳು ಒಳಗೆ ಬಂದಳು. ಲಿಯಾಂಡರನ ಕೈ ಅಭ್ಯಾಸಬಲದಿಂದ ತಾನಾಗಿ ಮುಂದೆ ಹೋಗಿ ಮದುಮಗಳ ಎರಡೂ ಕೈಗವಸು ಕಿತ್ತಿತು. ಗವಸಿನ ಒಂದು ಬೆರಳಿನಿಂದ ಹೊಟ್ಟು ಉದುರಿತು. ಉಳಿದವು ಒಂಬತ್ತು.

ಡಲ್ಸಿಯ ತಾನಾನ ನಿಂತಿತು.

"ಥತ್, ಇಷ್ಟು ಬೇಗ ಹಿಡಿದುಬಿಟ್ಯಲ್ಲ ಭಾವ" ಎನ್ನುತ್ತಾ ಸೆಲ್ಬಿ ಮುಸುಕೆತ್ತಿದ. "ಅಂದ ಹಾಗೆ, ತಿರುವಿನಲ್ಲಿ ಒಂದು ಸರ್ಕಾರಿ ಕಾರು ಚರಂಡಿಗೆ ಬಿದ್ದಿದೆ. ಪಾಪ, ಯಾರೋ ಆಫೀಸರು ಈ ಜಾರೋ ದಾರೀಲಿ ನಡ್ಕೊಂಡೇ ಬಂದಿರಬೇಕು... ಇವರ‍್ಯಾರು?"

ಪ್ಯಾಟನೋಡ್ ಶಾಲು ಬಿಚ್ಚಿದ. ಒಳಗೆ ಕೆಂಪಗಾದ ಮೂಗು, ನರೆತ ಮೀಸೆ, ಯಾರೂ ಕಂಡಿರದ ಮುಖ. ಅವನು ಅಡುಗೆಮನೆಯ ಮಂಚದ ಮೇಲೆ ಕೂತು ಬೂಟು ಕಳಚಿದ, ನೀರು ಸುರಿಯಿತು. ಕಾಲುಚೀಲ ಕಳಚಿದ, ಇನ್ನಷ್ಟು ಸುರಿಯಿತು. ಡಲ್ಸಿ ಅವನ್ನು ಕಸಿದುಕೊಂಡು ಒಲೆಯ ಮೇಲಿನ ಸರಳಿಗೆ ನೇತುಹಾಕಿ, ಮಂಚದ ಮೇಲೆ ಕೇಕಿನ ಮೇಲೆ ಕೇಕು ಜೋಡಿಸತೊಡಗಿದಳು.

"ಸರ್" ಎಂದ ಲಿಯಾಂಡರ್. "ಕೋಳಿ ಮೊಟ್ಟೆ ವಿಚಾರ ಸುಳ್ಳು ಸರ್."

"ಮೀನು ಸುತ್ತಿದ್ದು?"

"ಅದೂ ಸುಳ್ಳು. ಪರವಾನಗಿ ಗೋಡೆ ಮೇಲಿದೆ, ನೋಡಿ. ಚೌಕಟ್ಟು ಹಾಕ್ಸಿ ರಾಣಿಯವರ ಪಟದ ಪಕ್ಕದಲ್ಲೇ ಇಟ್ಟಿದೀನಿ."

ಪ್ಯಾಟನೋಡ್ ಪೆಟ್ಟಿಗೆಯಿಂದ ಒಂದು ಮಾಪಕ ತೆಗೆದು ಅತ್ತಿತ್ತ ತಿರುಗಿಸಿ ನೋಡಿದ. "ನಿಮ್ಮ ತಂತಿಯಿಂದ ಗಾಳಿಗೆ ಸೇರುತ್ತಿರುವ ಶಕ್ತಿ ಕ್ರಿಸ್‌ಮಸ್ ಮರದ ಒಂದು ಪುಟ್ಟ ದೀಪಕ್ಕೂ ಸಾಲದು" ಎಂದ. ಅದುವರೆಗೆ ಕೇಳಿದ್ದಕ್ಕಿಂತ ಈ ಮಾತೇ ಲಿಯಾಂಡರನಿಗೆ ಹೆಚ್ಚು ನೋವು ಮಾಡಿತು. ಸೆಲ್ಬಿ ಮುಸುಕಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದ.

"ಆದರೆ ಮಾಪಕ ಓಡುತ್ತಿದೆ" ಎಂದು ಅಧಿಕಾರಿ ಮುಂದುವರಿಸಿದ. "ಗುಂಡಿಯನ್ನು ಯಾರೋ ಒತ್ತಿದ್ದಾರೆ. ಪರವಾನಗಿದಾರರು ಇಲ್ಲಿದ್ದೀರಿ. ಹಾಗಾದರೆ ಒತ್ತಿರುವವರು ಯಾರು?"

ಅಯ್ಯೋ ಎಂದು ಎಲ್ಲರೂ ಹಿಂದಿನ ಕೋಣೆಗೆ ನುಗ್ಗಿದರು. ಟ್ರೈಫೀನಾ ಅತ್ತೆ ಎರಡೂ ಕೈಯಿಂದ ಗುಂಡಿಯನ್ನು ಅದುಮಿ, ಕಣ್ಣುಮುಚ್ಚಿ, ಕೀರ್ತನೆ ಹೇಳುತ್ತಾ ಕೂತಿದ್ದಳು.

"ಬಂದ್ಯಾ? ನನ್ನ ಕೈ ಮರಗಟ್ಟಿ ಹೋಯ್ತು. ಇಂಗ್ಲೆಂಡಿಗೆ ಇನ್ನೂ ಸಾಕಾಗಲಿಲ್ವಂತಾ?"

"ಅಮ್ಮಾ, ನಿಮಗೆ ಪರವಾನಗಿ ಇದೆಯೇ?" ಎಂದ ಪ್ಯಾಟನೋಡ್.

"ನನಗೆ ಬ್ಯಾಪ್ಟಿಸಂ ಆಗಿದೆ ಕಣಪ್ಪ. ಸಾಲದಾ?"

ಅತ್ತೆ ಕೈ ತೆಗೆದಳು. ಬಕೆಟಿನ ಸುರುಳಿ ಗುಂಯ್‌ಗುಡುವುದನ್ನು ನಿಲ್ಲಿಸಿತು. ಅಧಿಕಾರಿ ನಿಟ್ಟುಸಿರು ಬಿಟ್ಟು ಹೇಳಿದ: "ಬಡ್ಜೆಲ್ ಅವರೇ, ನನಗೆ ನಿಮ್ಮ ಮೇಲೆ ದ್ವೇಷವಿಲ್ಲ. ಬೆರಳು ನೋಯುತ್ತಿದೆ ಎಂದೂ ಹೇಳುತ್ತಿಲ್ಲ. ಆದರೆ ಪರವಾನಗಿ ಇಲ್ಲದವರ ಕೈಗೆ ಕೊಟ್ಟಿದ್ದೀರಿ. ನಾನು ನಿಲ್ದಾಣ ಮುಚ್ಚಿಸಲೇಬೇಕು. ಸ್ವಿಚ್ ಆರಿಸಿ."

ಲಿಯಾಂಡರನ ಕೈ ಸ್ವಿಚ್ಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಪರದೆಯ ಮೇಲೆ, ಸುರಿಯುವ ಹಿಮದ ನಡುವೆ, ಕೂದಲೆಳೆಯಂಥ ಒಂದು ಗೀಟು ಮೂಡುತ್ತಿತ್ತು. ಅದು ಬೆಳೆಯಿತು, ನಿಂತಿತು. ಬಿಡುವು. ಮತ್ತೊಂದು ಗೀಟು. ಮತ್ತೆ ಬಿಡುವು. ಆ ಹೊತ್ತೆಲ್ಲ ಕೋಣೆಯಲ್ಲಿ ಯಾರೂ ಕದಲಲಿಲ್ಲ. ಸರ್ಕಾರವೂ ಬರಿಗಾಲಲ್ಲಿ, ಕೈಯಲ್ಲಿ ಕೇಕು ಹಿಡಿದು ನಿಂತಿತ್ತು. ಮೂರನೆಯ ಗೀಟು ಪೂರ್ತಿಯಾಯಿತು.

"ಮೂರು ಉದ್ದ" ಎಂದ ಲಿಯಾಂಡರ್ ಪಿಸುದನಿಯಲ್ಲಿ. "ನ್ಯಾನ್‌ಕಾರೋ. ಪೂರ್ತಿ ಕಂಡಿತು ಅಂತಿದಾನೆ."

ಇವನ ಹೆಸರಿನ ಚೂರುಗಳು ವಾರಗಳಿಂದ ಆ ಹಾಲಿನವನ ಪರದೆಯಲ್ಲಿ ಇಣುಕುತ್ತಲೇ ಇದ್ದವಂತೆ. ಈ ಸಂಜೆ ಕೊನೆಯ ಚೂರೂ ಕೂಡಿತ್ತು. ಆಮೇಲೆ ಬಂದ ಅತ್ತೆಯ ಕೊನೆಮೊದಲಿಲ್ಲದ ಗೆರೆಯನ್ನು ಕಂಡು, ಸಂಶಯವಿಲ್ಲ, ಇದು ಆ ಹುಚ್ಚನೇ, ಎಂದು ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತನಂತೆ. ಇದೆಲ್ಲ ಬಹಳ ದಿನದ ಮೇಲೆ ತಿಳಿದದ್ದು.

"ಅಷ್ಟೇನಾ ಅವನು ಹೇಳಿದ್ದು?" ಟ್ರೈಫೀನಾ ಅತ್ತೆಗೆ ನಿರಾಶೆಯಾಯಿತು. "ಈಗ ನೀನೇನು ಹೇಳ್ಬೇಕು?"

"ಒಂದೇ ಅಕ್ಷರ ಅತ್ತೆ. ನೀನು ಹೇಳಿದ್ದು ಬಂತು ಅಂತ. ಅದು ಹೋಗದಿದ್ರೆ ಎಲ್ಲ ನೀರಲ್ಲಿ ಬರೆದ ಹಾಗೆ. ಅವನು ಅಲ್ಲಿ ಕಾಯ್ತಾ ಕೂತಿರ್ತಾನೆ." ಲಿಯಾಂಡರ್ ಅಧಿಕಾರಿಯ ಕಡೆ ತಿರುಗಿದ. ಜಂಬವೆಲ್ಲ ಎಲ್ಲೋ ಉದುರಿಹೋಗಿತ್ತು. "ಮುಚ್ಚಿಸಿ ಸರ್. ಇನ್ನು ಜೀವಮಾನದಲ್ಲಿ ಪರವಾನಗಿ ಕೊಡಬೇಡಿ. ಆದರೆ ಆ ಒಂದು ಅಕ್ಷರ ನಾನು ಅವನಿಗೆ ಕೊಡಬೇಕು."

"ಒಂದು ಅಕ್ಷರಕ್ಕೆ ಎಷ್ಟು ಹೊತ್ತು?"

"ಏಳು ನಿಮಿಷ."

"ಅಷ್ಟರಲ್ಲಿ ನಾನು ದೋಣಿ ಹಾಕ್ಕೊಂಡು ಅರ್ಧ ದಾರಿ ಹೋಗಿರ್ತೀನಿ" ಎಂದ ಮದುಮಗಳ ವೇಷದ ಸೆಲ್ಬಿ. ಡಲ್ಸಿ ಅವನ ಮುಸುಕನ್ನು ಮತ್ತೆ ಮುಖಕ್ಕೆ ಎಳೆದುಬಿಟ್ಟಳು.

ಟ್ರೈಫೀನಾ ಅತ್ತೆ ಅಷ್ಟು ಹೊತ್ತು ಯೋಚಿಸುತ್ತಿದ್ದವಳು ತಲೆಯೆತ್ತಿದಳು. "ಅಂದ್ರೆ ಆಮೆನ್ನು" ಎಂದಳು. "ಆ ಕಡೆಯವನು ಪ್ರಾರ್ಥನೆ ಮುಗಿಸಿದಾನೆ, ಈ ಕಡೆಯವನು ಇನ್ನೂ ಆಮೆನ್ ಅಂದಿಲ್ಲ. ಅಷ್ಟೇ ತಾನೆ? ಅಯ್ಯೋ, ಹೇಳೋ ಹುಡುಗ! ಇಷ್ಟು ದೊಡ್ಡ ನೀರಿನಾಚೆ ಒಬ್ಬ ಮನುಷ್ಯನನ್ನ ಆಮೆನ್ ಇಲ್ಲದೆ ಕೂರಿಸ್ತಾರಾ?" ಆಮೇಲೆ ಪ್ಯಾಟನೋಡ್‌ನತ್ತ ನೋಡಿ, "ನಿಮ್ಮ ಕಚೇರಿಯಲ್ಲಿ ಅದಕ್ಕೂ ಅಡ್ಡಿ ಇದೆಯೇನಪ್ಪ?" ಎಂದಳು.

ಪ್ಯಾಟನೋಡ್ ಪರದೆಯನ್ನು ನೋಡಿದ. ಮೂರು ಗೀಟುಗಳು ನಿಧಾನಕ್ಕೆ ಕೆಳಕ್ಕೆ ಸರಿದು ಹಿಮದಲ್ಲಿ ಕರಗುತ್ತಿದ್ದವು. ತನ್ನ ಬರಿಗಾಲನ್ನು ನೋಡಿಕೊಂಡ. ಬಾಗಿಲ ಸಂದಿಯಿಂದ ಒಲೆಯ ಮೇಲೆ ಹಬೆಯಾಡುತ್ತಿದ್ದ ಕಾಲುಚೀಲಗಳನ್ನು ಬಹಳ ಗಂಭೀರವಾಗಿ ನೋಡಿದ.

"ಬರಿಗಾಲಿನಲ್ಲಿ ಸರ್ಕಾರದ ಆಜ್ಞೆ ಹೊರಡಿಸುವ ಪದ್ಧತಿ ನಮ್ಮಲ್ಲಿ ಇಲ್ಲ" ಎಂದ. "ಅವು ಒಣಗಲಿ. ಅಲ್ಲಿಯವರೆಗೆ ನಾನು ವೇಷದವನು." ಹೀಗೆಂದು ಅತ್ತೆಯ ಪಕ್ಕ ಒಂದು ಖಾಲಿ ಬಕೆಟು ಬೋರಲು ಹಾಕಿ ಕೂತು, ಕೇಕು ಕಚ್ಚಿದ.

ಲಿಯಾಂಡರ್ ಗುಂಡಿಯ ಮುಂದೆ ಕೂತ. ಒಂದು ಚುಕ್ಕೆ. ಬಿಡುವು. ಒಂದು ಗೆರೆ, ಉದ್ದಕ್ಕೆ, ಎಲ್ಲರ ಉಸಿರನ್ನೂ ಕಟ್ಟಿಹಾಕಿ. ಬಿಡುವು. ಹೊರಗೆ ಮರಗಳಿಂದ ಮಂಜುಗಡ್ಡೆ ಕಳಚಿ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆಯ ತುಟಿ ಅಲುಗುತ್ತಿತ್ತು. ಕೊನೆಯ ಚುಕ್ಕೆಯ ಪೂರ್ತಿ ನಿಮಿಷವನ್ನು, ಒಂದಿಷ್ಟೂ ಕಡಿಮೆ ಮಾಡದೆ, ಅವನು ಕಾರ್ನ್‌ವಾಲಿನ ಹಾಲಿನವನಿಗೆ ಅಳೆದು ಕೊಟ್ಟ. ಆಮೇಲೆ ಸದ್ದಾಗದಂತೆ ಬೆರಳನ್ನು ಮೇಲಕ್ಕೆತ್ತಿದ.